ಕಚೇರಿಗೆ ಮುಂಚೆ ಒಂಬತ್ತು ಕಚೇರಿ

ನಮ್ಮಣ್ಣನ ಮಗಳಿಗೆ ಹಾಡುವ ಹುಚ್ಚು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಅವರ ತೋಟದ ಮನೆ. ಪಿಯುಸಿ ಮುಗಿಸಿದವಳು, ದೂರದ ಊರಿನ ಒಂದು ದೊಡ್ಡ ಸಂಗೀತ ಶಾಲೆಗೆ ಅರ್ಜಿ ಹಾಕುತ್ತೇನೆ ಅಂದಳು. ಸೀಟು ಇಪ್ಪತ್ತೇ ಅಂತೆ. ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು.

"ಹಾಡೋದು ಅವಳು ನೋಡ್ಕೊಳ್ತಾಳೆ, ಫಾರ್ಮ್ ನೀನು ನೋಡ್ಕೋ" ಅಂದ ಅಣ್ಣ. ಎರಡರಲ್ಲಿ ಕಷ್ಟದ್ದು ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೂ ಇರಲಿಲ್ಲ ಬಿಡಿ.

ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಸಂಗೀತ ಕಲಿಯಲು ಬರುವವರಿಗೆ ಮೊದಲೇ ಸಂಗೀತ ಬಂದಿರಬೇಕು. ಆಸ್ಪತ್ರೆ ಸೇರುವುದಕ್ಕೆ ಆರೋಗ್ಯದ ಸರ್ಟಿಫಿಕೇಟ್ ತನ್ನಿ ಅಂದ ಹಾಗೆ. ಇರಲಿ, ಅದನ್ನು ತಪ್ಪು ಅನ್ನಲಾರೆ. ಸರಳೆ, ಜಂಟಿ, ಅಲಂಕಾರ, ಗೀತೆ ದಾಟಿ ವರ್ಣಕ್ಕೆ ಬರುವಷ್ಟರಲ್ಲೇ ಮಕ್ಕಳಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟು ಕಲಿತವರನ್ನೇ ಕರೆಯಲಿ. ಆದರೆ ಕಲಿತಿದ್ದಾಳೆ ಅನ್ನುವುದಕ್ಕೆ ಇವರಿಗೆ ಗಂಟಲು ಸಾಕ್ಷಿಯಲ್ಲ, ಕಾಗದ ಸಾಕ್ಷಿ.

ಅವಳಿಗೆ ಪಾಠ ಹೇಳಿದ ಅಮ್ಮನಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಲೇ ಪಾಠ. ಸ್ವರ ಸರಿಯಿದ್ದರೆ ಸುಲಿದ ಅಡಿಕೆ ಬುಟ್ಟಿಗೆ ಬೀಳುತ್ತಿರುತ್ತದೆ. ತಪ್ಪಿದರೆ ಕೈ ನಿಲ್ಲುತ್ತದೆ. ಅಷ್ಟೇ, ಬೈಗುಳ ಇಲ್ಲ. ಹುಡುಗಿ ಒಂಬತ್ತು ವರ್ಷ ಕಲಿತಿದ್ದು ಆ ಕೈ ನೋಡಿಕೊಂಡೇ. ಈಗ ಆ ಅಮ್ಮನ ಶಿಫಾರಸು ಪತ್ರ ಬೇಕು, ಅದೂ ಲೆಟರ್‌ಹೆಡ್‌ನಲ್ಲಿ.

"ಹಾಗಂದ್ರೆ ಎಂತದು ಮಾರಾಯ?" ಅಂತ ಕೇಳಿದರು. ಶಿವಮೊಗ್ಗದ ಪ್ರೆಸ್ಸಿಗೆ ಹೋದೆ. ನೂರಕ್ಕಿಂತ ಕಮ್ಮಿ ಮಾಡಿಕೊಡಲ್ಲ ಅಂದರು. ನೂರು ಮಾಡಿಸಿದೆ, ಮೂಲೆಯಲ್ಲಿ ವೀಣೆ ಚಿತ್ರ ಸಮೇತ. ಒಂದು ಹಾಳೆ ಅರ್ಜಿಗೆ ಹೋಯಿತು. ಉಳಿದ ತೊಂಬತ್ತೊಂಬತ್ತರಲ್ಲಿ ಅವರೀಗ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.

ಮುಂದಿನದು ಸರ್ಟಿಫಿಕೇಟುಗಳ ಸುತ್ತಾಟ. ಆದಾಯ, ಜಾತಿ, ವಾಸಸ್ಥಳ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರಿನಲ್ಲಿ ಹೆಸರಿನ ಹಿಂದೆ. ಆರೋಹಣದಲ್ಲಿ ಒಂದು, ಅವರೋಹಣದಲ್ಲಿ ಇನ್ನೊಂದು ಇರುವ ರಾಗಗಳು ಬೇಕಾದಷ್ಟಿವೆ ಅಲ್ವಾ, ಹುಡುಗಿಯ ಹೆಸರು ಮಾತ್ರ ಹಾಗಿರಬಾರದು. ಎರಡೂ ಒಬ್ಬಳೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಿದ್ದಾಯಿತು. ಮುಂದೊಂದು ದಿನ ಕಚೇರಿ ಕೊಡಬೇಕು ಅಂತ ಹೊರಟವಳು ಒಂಬತ್ತು ಕಚೇರಿ ಹತ್ತಿ ಇಳಿದಳು. ಒಂದರಲ್ಲೂ ಯಾರೂ "ಎಲ್ಲಿ, ಒಂದು ಹಾಡು ಹೇಳಮ್ಮ" ಅನ್ನಲಿಲ್ಲ.

ಭೀಮಸೇನ ಜೋಶಿ 1933ರಲ್ಲಿ, ಇನ್ನೂ ಹನ್ನೊಂದು ವರ್ಷದ ಹುಡುಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದರು. ಎಲ್ಲೆಲ್ಲೋ ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತರು. ಈಗಾಗಿದ್ದರೆ ವಾಸಸ್ಥಳದ ಕಾಲಂನಲ್ಲೇ ಬಿದ್ದುಹೋಗುತ್ತಿದ್ದರು. ಮನೆ ಬಿಟ್ಟವರಿಗೆ ವಾಸಸ್ಥಳ ಎಲ್ಲಿಂದ ಬರಬೇಕು?

ಅರ್ಜಿ ಶುಲ್ಕ 2000 ರೂಪಾಯಿ, ವಾಪಸ್ ಇಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕರ್ಟಿಸ್ ಅಂತ ಒಂದು ಸಂಗೀತ ಶಾಲೆ ಇದೆ. ಅದರ ಬಾಗಿಲು ನಮ್ಮದಕ್ಕಿಂತ ಕಿರಿದು. ಆದರೆ ಒಳಗೆ ಹೋದವರ ಹತ್ತಿರ 1928ರಿಂದ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ನಮ್ಮವರು ಹೊರಗೆ ಉಳಿದವರ ಹತ್ತಿರವೂ ತೆಗೆದುಕೊಳ್ಳುತ್ತಾರೆ.

ಇಷ್ಟಾದ ಮೇಲೆ ವಿಡಿಯೋ. ವರ್ಣ ಎರಡು ಕಾಲದಲ್ಲಿ, ಆಮೇಲೆ ಕೃತಿ, ಕಲ್ಪನಾಸ್ವರ. ಒಟ್ಟು 18 ನಿಮಿಷ, ಒಂದೇ ಏಟಿಗೆ, ನಡುವೆ ಕತ್ತರಿ ಹಾಕುವ ಹಾಗಿಲ್ಲ. ಮುಖ ಕಾಣಬೇಕು. ತಾಳ ಹಾಕುವ ಕೈ ಕಾಣಬೇಕು. ಶುರುವಿಗೆ ಆಧಾರ್ ಕಾರ್ಡ್ ತೋರಿಸಬೇಕು. ಹಿನ್ನೆಲೆಯಲ್ಲಿ ಯಾವ ಸದ್ದೂ ಇರಕೂಡದು. ಕೊನೆಯ ದಿನಾಂಕ ಜೂನ್ 30.

ಈ ಕೊನೆಯ ಎರಡು ಸಾಲು ಬರೆದವರು ಮಲೆನಾಡು ನೋಡಿದವರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೂನ್‌ನಲ್ಲಿ ಹೆಂಚಿನ ಮನೆಯೊಳಗೆ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ. ಮಳೆ ನಿಂತಿತು ಅನ್ನಿ, ಆಗ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಮೋಟರ್ ಶುರು. ನಮ್ಮದು ನಿಲ್ಲಿಸಿದರೆ ಪಕ್ಕದ ತೋಟದ್ದು. ಮೋಟರ್ ನಿಲ್ಲಿಸಿ ಅಂತ ಕೇಳೋಣ ಅಂದರೆ, ಔಷಧಿ ಹೊಡೆಯುವವರು ಸಿಗುವುದೇ ಆ ಎರಡು ದಿನ. ಸಂಗೀತಕ್ಕೋಸ್ಕರ ಅಡಿಕೆ ಬಿಡಿ ಅಂತ ಈ ಸೀಮೆಯಲ್ಲಿ ಯಾರಿಗೂ ಹೇಳಕ್ಕಾಗಲ್ಲ.

ರಾತ್ರಿ ಹನ್ನೊಂದಕ್ಕೆ ಮಳೆ ಬಿಟ್ಟಿತು. ಅಡಿಕೆ ಮೂಟೆ ಇಡುವ ಕೋಣೆಗೆ ನಾಲ್ಕೂ ಕಡೆ ಕಂಬಳಿ ಕಟ್ಟಿದೆವು. ನಾಯಿಯನ್ನು ಅಣ್ಣ ಕರೆದುಕೊಂಡು ಹೋಗಿ ಗದ್ದೆ ಬದುವಿನ ಮೇಲೆ ನಿಂತ. ಅತ್ತಿಗೆ ಬಾಗಿಲ ಹಿಂದೆ ಕೂತು ಹಳೇ ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು. ವರ್ಣದ ಚರಣಕ್ಕೆ ಬಂದಿದ್ದಳು, ಕರೆಂಟ್ ಹೋಯಿತು.

ಸುಮ್ನೆ ಕೂರಲಾರದೆ ನಾನು ಎಲ್ಲೋ ಓದಿದ್ದು ಹೇಳಿದೆ. ಹೊರದೇಶದ ಆರ್ಕೆಸ್ಟ್ರಾಗಳಲ್ಲಿ ಆಯ್ಕೆಗೆ ಬಂದವರನ್ನು ಪರದೆ ಹಿಂದೆ ಕೂರಿಸಿ ನುಡಿಸುತ್ತಾರಂತೆ. ಗಂಡೋ ಹೆಣ್ಣೋ, ಯಾರ ಶಿಷ್ಯರೋ ಗೊತ್ತಾಗಬಾರದು ಅಂತ. ಹೆಜ್ಜೆ ಸದ್ದೂ ಕೇಳದಿರಲಿ ಅಂತ ಕೆಳಗೆ ಜಮಖಾನ ಹಾಸುವುದೂ ಉಂಟು.

"ನಮಗೆ ಪರದೆ ಎಂತಕ್ಕೆ ಚಿಕ್ಕಪ್ಪ, ಹೇಗೂ ಕರೆಂಟ್ ಇಲ್ಲ" ಅಂದಳು ಕತ್ತಲೆಯಿಂದ.

ಮೂರನೇ ರಾತ್ರಿ ಮಳೆಯೂ ಇಲ್ಲ, ಮೋಟರೂ ಇಲ್ಲ, ಕರೆಂಟೂ ಇತ್ತು. 18 ನಿಮಿಷ ಹಾಡಿದಳು. ಎಲ್ಲಿಂದಲೋ ಒಂದು ಜೀರುಂಡೆ ಮಾತ್ರ ಮೂಟೆ ಸಂದಿಗೆ ಬಂದು ಕೂತು, ಶುರುವಿನಿಂದ ಕೊನೆವರೆಗೆ ಬಿಡಲಿಲ್ಲ. ಅವಳದು ಐದೂವರೆ ಶ್ರುತಿ. ಜೀರುಂಡೆಯದು ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ. ಪಾಠದ ಅಮ್ಮ ಬಂದು ಕೇಳಿದ್ದರೆ ಜೀರುಂಡೆಗೂ ಕೈ ನಿಲ್ಲಿಸುತ್ತಿದ್ದರು.

ಕಳಿಸೋಣ ಅಂತ ನೋಡಿದರೆ ಇನ್ನೊಂದು ಸಾಲು. ವಿಡಿಯೋ 20 ಎಂಬಿ ಮೀರಬಾರದು. ನಮ್ಮದು 2 ಜಿಬಿ. ಪೆನ್‌ಡ್ರೈವ್ ಹಿಡಿದು ಶಿವಮೊಗ್ಗಕ್ಕೆ ಬಸ್ ಹತ್ತಿದೆ. ದುರ್ಗಿಗುಡಿಯ ಸೈಬರ್ ಅಂಗಡಿ ಹುಡುಗ ಹಿಂಡಿದ, ಮತ್ತೆ ಹಿಂಡಿದ. ಹುಡುಗಿಯ ಮುಖ ಹೋಯಿತು, ಆಧಾರ್ ಕಾರ್ಡ್ ಹೋಯಿತು, ಇನ್ನೂ 34 ಎಂಬಿ.

"ಸರ್, ಗಮಕ ಸ್ವಲ್ಪ ಕಮ್ಮಿ ಮಾಡಿ ಹಾಡ್ಸಿದ್ರೆ ಸೈಜ್ ಇಳೀಬಹುದಾ?" ಅಂದ. ಕಾವ್ಯ ಹಾಡಿ ಓದುವ ಆ ಇನ್ನೊಂದು ಗಮಕಕ್ಕೇ ಹೆಸರಾದ ಹೊಸಹಳ್ಳಿ ಅಲ್ಲೇ ಪಕ್ಕದಲ್ಲಿದೆ. ಅವರ ಕಿವಿಗೆ ಬೀಳದಿದ್ದರೆ ಸಾಕು ಅಂದುಕೊಂಡೆ. ಅಂತೂ 19.8ಕ್ಕೆ ತಂದ. ಅವಳ ದನಿ ಕೊಡಪಾನದೊಳಗಿಂದ ಬಂದ ಹಾಗಿತ್ತು. ಜೀರುಂಡೆ ಮಾತ್ರ ಸ್ಪಷ್ಟ.

ಮೂರು ವಾರಕ್ಕೆ ಉತ್ತರ ಬಂತು. ಹಾಡಿನ ಬಗ್ಗೆ ಒಂದಕ್ಷರ ಇಲ್ಲ. ಪಕ್ಕವಾದ್ಯದವರ ಹೆಸರು, ವಿದ್ಯಾರ್ಹತೆ, ಆಧಾರ್ ಸಂಖ್ಯೆ ನಮೂದಿಸಿಲ್ಲವಾದ್ದರಿಂದ ಅರ್ಜಿ ತಡೆಹಿಡಿಯಲಾಗಿದೆ, ಏಳು ದಿನದೊಳಗೆ ಸರಿಪಡಿಸತಕ್ಕದ್ದು.

ನಾನು ಓದಿ ಹೇಳಿದೆ. ಅಣ್ಣ ಲೆಟರ್‌ಹೆಡ್ ಎಷ್ಟು ಉಳಿದಿದೆ ಅಂತ ಕೇಳಿದ. ಅತ್ತಿಗೆ ಎದ್ದು ಹೋಗಿ ಮೂಟೆ ಸಂದಿಯಲ್ಲಿ ಟಾರ್ಚ್ ಬಿಟ್ಟರು.