ಈ ಪತನದ ಪ್ರಾಯೋಜಕರು

ಬಿದ್ದವರನ್ನು ಎತ್ತುವವರೇ ಇಲ್ಲದ ಕಾಲ ಇದು ಎಂದು ಗೊಣಗುವವರು ದಯವಿಟ್ಟು ಬಾಯಿ ಮುಚ್ಚಿಕೊಳ್ಳಬೇಕು. ಬ್ರೌಸರ್‌ನಲ್ಲಿ ಬೆಟ್ಟ ಹತ್ತುವ ಆಟವೊಂದನ್ನು ತೆರೆಯಿರಿ, ಅರ್ಧ ಹತ್ತಿ ಜಾರಿ ತಳಕ್ಕೆ ಬನ್ನಿ. ಪರದೆಯ ನಟ್ಟನಡುವೆ ಹಸಿರು ಬಟನ್ ಒಂದು ಕೈಚಾಚಿ ನಿಂತಿರುತ್ತದೆ: 'ಜಾಹೀರಾತು ನೋಡಿ, ಬಿದ್ದಲ್ಲಿಂದಲೇ ಮುಂದುವರಿಯಿರಿ.' ಎಂಥ ಕರುಣೆ! ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಇಷ್ಟು ದಿನ ಸುಳ್ಳು ಹೇಳಬೇಕಿತ್ತು. ಈಗ ಮೀಸೆ ಒರೆಸಿಕೊಡುವ ವ್ಯವಸ್ಥೆಯೇ ಬಂದಿದೆ.

ಹಂಡೆಯೊಳಗೆ ಸೊಂಟದವರೆಗೆ ಹೂತ ಬರಿಮೈ ಮನುಷ್ಯ, ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ, ಎದುರಿಗೆ ಬಂಡೆ. ಆ ಸುತ್ತಿಗೆಯನ್ನೇ ಊರಿ ಬೆಟ್ಟ ಹತ್ತುವ ಆಟ ಇದು. 2017ರಲ್ಲಿ 'ಗೆಟಿಂಗ್ ಓವರ್ ಇಟ್' ಎಂಬ ಈ ಆಟವನ್ನು ಹೊರತಂದ ಬೆನೆಟ್ ಫಾಡಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಒಂದು ಬಗೆಯ ಜನರಿಗಾಗಿ, ಅವರನ್ನು ನೋಯಿಸಲೆಂದೇ ಇದನ್ನು ಮಾಡಿದ್ದೇನೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ತತ್ತ್ವಶಾಸ್ತ್ರದಿಂದ ಆಟಗಳ ಕಡೆ ಬಂದವರಲ್ಲವೇ, ನೀವು ತಳಕ್ಕೆ ಬಿದ್ದಾಗ ಅವರದೇ ದನಿ ತಣ್ಣಗೆ ಸೋಲಿನ ಬಗ್ಗೆ ಸುಭಾಷಿತ ಹೇಳುತ್ತದೆ. ಕೇಳಿ ಸಿಟ್ಟು ಇಮ್ಮಡಿಯಾಗುತ್ತದೆ. ಆದರೆ ಅದರಲ್ಲೊಂದು ಮರ್ಯಾದೆಯಿತ್ತು: ಬಿದ್ದರೆ ಬಿದ್ದೆ, ಅಷ್ಟೇ. ಬಿದ್ದರೆ ಅಲ್ಲಿಂದಲೇ ಮತ್ತೆ ಶುರು ಮಾಡಲು 'ಸೇವ್ ಪಾಯಿಂಟ್' ಎಂಬ ತಂಗುದಾಣ ನಡುವೆ ಎಲ್ಲೂ ಇಲ್ಲ, ಲಂಚಕ್ಕೆ ಜಾಗ ಇಲ್ಲ.

ಅದಕ್ಕೂ ಮೊದಲು ಅವರು ಬ್ರೌಸರ್‌ನಲ್ಲೇ ಜನರನ್ನು ಪುಕ್ಕಟೆಯಾಗಿ ಪೀಡಿಸುತ್ತಿದ್ದರು. 2008ರ 'ಕ್ವಾಪ್'ನಲ್ಲಿ ಓಟಗಾರನ ತೊಡೆಗೆ ಎರಡು ಕೀ, ಮೀನಖಂಡಕ್ಕೆ ಎರಡು ಕೀ. ನೂರು ಮೀಟರ್ ಓಡುವುದಿರಲಿ, ನೆಟ್ಟಗೆ ನಿಲ್ಲುವುದೇ ಸಾಹಸ. 2011ರ 'ಗರ್ಪ್'ನಲ್ಲಿ ಕಡಿದಾದ ಬಂಡೆ, ಪ್ರತಿ ಹಿಡಿಕೆಗೂ ಒಂದು ಅಕ್ಷರ. ಆ ಕೀ ಒತ್ತಿಹಿಡಿದೇ ಮುಂದಿನದಕ್ಕೆ ಕೈ ಚಾಚಬೇಕು, ಕೆಳಗಿನಿಂದ ನೀರು ಏರುತ್ತಲೇ ಇರುತ್ತದೆ. ಬೆರಳುಗಳು ಒಂದಕ್ಕೊಂದು ಗಂಟು ಬೀಳುತ್ತಿದ್ದವು. ಆಗ ಎಲ್ಲ ಬ್ರೌಸರ್‌ನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದ ಕಾಲ. 2020ರ ಕೊನೆಗೆ ಅಡೋಬಿ ಅದಕ್ಕೆ ಎಳ್ಳುನೀರು ಬಿಟ್ಟಿತು.

ಬ್ರೌಸರ್‌ನಲ್ಲಿ ಇಂಥ ಆಟ ಆಡಿಸುವ ಈಗಿನ ತಾಣಗಳ ಭೌತಶಾಸ್ತ್ರವೇ ಬೇರೆ. ಸುತ್ತಿಗೆ ಬಂಡೆಯನ್ನು ಒತ್ತಿದರೆ ಬಂಡೆ ಸುತ್ತಿಗೆಯನ್ನು ತಿರುಗಿ ಒತ್ತಬೇಕು, ಹಂಡೆ ಮೇಲೇಳಬೇಕು. ಇದು ನ್ಯೂಟನ್ನನ ಮೂರನೇ ನಿಯಮ. ಇದಕ್ಕೆ ಬ್ರೌಸರ್ ತಿದ್ದುಪಡಿ ತಂದಿದೆ. ಎಡಬಲದಲ್ಲಿ ಜಾಹೀರಾತಿನ ವೀಡಿಯೊಗಳು ಓಡುತ್ತಿದ್ದರೆ ಸುತ್ತಿಗೆ ನಿಮ್ಮ ಕೈಗಿಂತ ಒಂದು ಗಳಿಗೆ ತಡವಾಗಿ ಅಲ್ಲಾಡುತ್ತದೆ. 2024ರಲ್ಲಿ ಬಂದ 'ಎ ಡಿಫಿಕಲ್ಟ್ ಗೇಮ್ ಅಬೌಟ್ ಕ್ಲೈಂಬಿಂಗ್' ಆಟದಲ್ಲಿ ಮೌಸಿನ ಎಡ ಬಟನ್ ಎಡಗೈ, ಬಲ ಬಟನ್ ಬಲಗೈ. ಇದರ ನಕಲು ಆಡುವಾಗ ಮೌಸ್ ಸ್ವಲ್ಪ ಜೋರಾಗಿ ಎಳೆದಿರೋ, ಬಾಣದ ಗುರುತು ಆಟದ ಚೌಕಟ್ಟು ದಾಟಿ ಬೂಟಿನ ಜಾಹೀರಾತಿನ ಮೇಲೆ ಕಾಲಿಡುತ್ತದೆ. ಹಿಡಿಯಹೋದದ್ದು ಬಂಡೆ, ಸಿಕ್ಕಿದ್ದು ಬೂಟು. ಹೊಸ ಟ್ಯಾಬ್ ತೆರೆಯುತ್ತದೆ. ಹಳೆಯ ಟ್ಯಾಬ್ ಕಣ್ಣಿಗೆ ಬೀಳದಂತಾದ ಕೂಡಲೇ ಬ್ರೌಸರ್ ಅದರ ಚಿತ್ರ ಬಿಡಿಸುವ ಕೆಲಸ ನಿಲ್ಲಿಸುತ್ತದೆ, ಬೀಳುತ್ತಿದ್ದವ ನಡುಗಾಳಿಯಲ್ಲಿ ತ್ರಿಶಂಕುವಾಗುತ್ತಾನೆ. ವಿಶ್ವಾಮಿತ್ರರು ಅಷ್ಟೊಂದು ತಪಸ್ಸು ಖರ್ಚು ಮಾಡಿ ಸಾಧಿಸಿದ್ದನ್ನು ಇಲ್ಲಿ ಒಂದು ತಪ್ಪು ಕ್ಲಿಕ್ ಸಾಧಿಸುತ್ತದೆ.

ಅಂದಹಾಗೆ, ಹಂಡೆಯವನ ಹೆಸರು ಡಯೋಜಿನಿಸ್. ಮಣ್ಣಿನ ದೊಡ್ಡ ಬಾನಿಯಲ್ಲಿ ವಾಸವಿದ್ದ ಗ್ರೀಕ್ ತತ್ತ್ವಜ್ಞಾನಿಯ ಹೆಸರು ಅದು. ಅಲೆಕ್ಸಾಂಡರ್ ಅವನೆದುರು ನಿಂತು ಏನು ಬೇಕು ಕೇಳು ಎಂದನಂತೆ. ಬಿಸಿಲಿಗೆ ಅಡ್ಡ ನಿಂತಿದ್ದೀಯ, ಆಚೆ ಸರಿ, ಅಷ್ಟೇ ಸಾಕು ಎಂದನಂತೆ ಇವನು. ಕಥೆಯ ಪ್ರಕಾರ ಅಲೆಕ್ಸಾಂಡರ್ ಅದನ್ನು ಮೆಚ್ಚಿಕೊಂಡ. ಅವನೇನೋ ಚಕ್ರವರ್ತಿ, ಹೇಳಿದರೆ ಅರ್ಥವಾಗುತ್ತಿತ್ತು. ಬಟ್ಟೆ ಸೋಪಿನ ಜಾಹೀರಾತಿಗೆ ಆಚೆ ಸರಿ ಎಂದು ಹೇಳುವುದು ಹೇಗೆ? ಮೂಲೆಯಲ್ಲಿ ಇಂಟು ಮಾರ್ಕ್ ಇದೆ, ಒಂದಲ್ಲ, ಎರಡು. ಒಂದು ಮುಚ್ಚುವುದಕ್ಕೆ, ಇನ್ನೊಂದು ಜಾಹೀರಾತಿನ ಚಿತ್ರದ್ದೇ ಭಾಗ. ಅದನ್ನು ಒತ್ತಿದರೆ ಸೋಪಿನ ಅಂಗಡಿಗೇ ಹೋಗುತ್ತೀರಿ. ಡಯೋಜಿನಿಸ್ ಹಗಲಲ್ಲಿ ದೀಪ ಹಿಡಿದು ಮನುಷ್ಯನನ್ನು ಹುಡುಕಿದನೆಂಬ ಕಥೆಯೂ ಇದೆ. ಅಸಲಿ 'ಪ್ಲೇ' ಬಟನ್ ಹುಡುಕಿದ್ದರೆ ಎಣ್ಣೆ ಮುಗಿದೇಹೋಗುತ್ತಿತ್ತು.

ಹೊಗಳಿದ್ದು ಸಾಕು. ಈ ತಾಣಗಳಲ್ಲಿರುವ ಬೆಟ್ಟಗಳಲ್ಲಿ ಹೆಚ್ಚಿನವು ಕದ್ದವು. ಹಂಡೆ ಕದ್ದದ್ದು, ಸುತ್ತಿಗೆ ಕದ್ದದ್ದು, ಎಷ್ಟೋ ಕಡೆ ಹೆಸರೂ ಕದ್ದದ್ದು. ಮೂಲ ಆಟ ಮಾಡಿದವರಿಗೆ ಇದರಿಂದ ಬಿಡಿಗಾಸೂ ಹೋಗುವುದಿಲ್ಲ. ಡಿಜಿಟಲ್ ಲೋಕದಲ್ಲಿ ಮಾಡಿದ್ದೆಲ್ಲ ಎಷ್ಟು ಬೇಗ ಕಸವಾಗುತ್ತದೆ ಎಂದು ಫಾಡಿ ತಮ್ಮ ಆಟದೊಳಗೇ ಹಲುಬಿದ್ದರು, ಹಳೆಯ ಸಾಮಾನು ಪೇರಿಸಿಯೇ ಆ ಬೆಟ್ಟ ಕಟ್ಟಿದ್ದರು. ಅದನ್ನೂ ಇವರು ಬಾಚಿಕೊಂಡು ಹೋದರು. ಆಡುವವನು ಬಿದ್ದಷ್ಟೂ ಲಾಭ ಎಂದಾದ ಮೇಲೆ, ಬಂಡೆಯನ್ನು ಇನ್ನಷ್ಟು ಜಾರುವಂತೆ ಇಡುವ ಆಸೆ ಯಾರಿಗೆ ಹುಟ್ಟುವುದಿಲ್ಲ? ಶಾಲೆಯ ಕಂಪ್ಯೂಟರ್‌ನಲ್ಲಿ ತಡೆ ಹಾಕಿದ್ದರೂ ತೆರೆಯುತ್ತೇವೆ ಎಂದು ಹೆಸರಿನಲ್ಲೇ ಸಾರುವ ತಾಣಗಳು ಯಾರಿಗಾಗಿ ಇವೆ ಎನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿಗೆ ಬರುವ ಮಗುವಿನ ಮುಂದೆ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಇಲ್ಲಿ ಒತ್ತಿ' ಎಂಬ ಕೆಂಪು ಪಟ್ಟಿ ಹಾರಿಸುತ್ತಾರೆ. ಇದರಲ್ಲಿ ತಮಾಷೆಯೇನಿಲ್ಲ. ಹೇಳಿ ಹೇಳಿ ಸಾಕಾಗಿದೆ.

ಆಟ ತಡವರಿಸುತ್ತಿದೆ ಎಂದು ಕೇಳಿದವರಿಗೆ ತಾಣಗಳು ಕೊಡುವ ಸಿದ್ಧ ಉತ್ತರವೂ ಒಂದಿದೆ: ಬ್ರೌಸರ್ ಕೂಡಿಟ್ಟ ಕುಕಿ, ಕ್ಯಾಶ್ ಎಂಬ ಕಡತಗಳನ್ನೆಲ್ಲ ಅಳಿಸಿ, ಮತ್ತೆ ತೆರೆಯಿರಿ. ಅಳಿಸಿ ನೋಡಿ. ಎಷ್ಟು ಎತ್ತರ ಹತ್ತಿದ್ದಿರಿ ಎಂಬ ಲೆಕ್ಕವೂ ಸಾಮಾನ್ಯವಾಗಿ ಬ್ರೌಸರ್‌ನ ಅದೇ ಗಂಟಿನಲ್ಲಿರುತ್ತದೆ, ಅದೂ ತೊಳೆದುಹೋಗುತ್ತದೆ. ಕುಕಿಗೆ ಒಪ್ಪಿಗೆಯೇ ಎಂದು ಮತ್ತೆ ಮೊದಲಿನಿಂದ ಕೇಳುತ್ತಾರೆ, ಹಂಡೆಯವ ಮತ್ತೆ ತಳದಲ್ಲಿ ಕೂತಿರುತ್ತಾನೆ. ಜಾಹೀರಾತುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಸೇವ್ ಪಾಯಿಂಟ್ ಇರುವುದು ಅವುಗಳಿಗೆ.