ಬಹಿರಂಗ ಸಂಬಳದ ಮೊದಲ ತಂಡ: ಸಿನ್ಸಿನಾಟಿ ಬೇಸ್‌ಬಾಲ್‌ಗೆ ಉಪಕಾರ ಮಾಡಿತೇ?

ಪರ: ಕದ್ದುಮುಚ್ಚಿ ಕೊಡುವ ಹಣಕ್ಕಿಂತ ಸಂಬಳವೇ ಮೇಲು

1869ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರೆಲ್ಲರಿಗೂ ಬಹಿರಂಗವಾಗಿ ಸಂಬಳ ಕೊಟ್ಟಿತು. ಅದಕ್ಕೆ ಮುಂಚೆ ಬೇಸ್‌ಬಾಲ್ ಸಭ್ಯ ಹವ್ಯಾಸಿಗಳ ಆಟವಾಗಿತ್ತು, ಆಮೇಲೆ ಹಣ ಬಂದು ಕೆಡಿಸಿತು ಎನ್ನುವ ಮಾತಿಗೆ ಹುರುಳಿಲ್ಲ. ಆಟಗಾರರಿಗೆ ಹಣ ಕೊಡಬಾರದೆಂದು ಕ್ಲಬ್‌ಗಳ ರಾಷ್ಟ್ರೀಯ ಸಂಘದ ನಿಯಮವಿತ್ತು, ನಿಜ. ನಿಯಮ ಪುಸ್ತಕದಲ್ಲಿತ್ತು, ಹಣ ಜೇಬಿನಲ್ಲಿತ್ತು. ಒಳ್ಳೆಯ ಆಟಗಾರನಿಗೆ ಹೆಸರಿಗೊಂದು ಗುಮಾಸ್ತಿಕೆ ಕೊಟ್ಟು ಆಟವಾಡಿಸುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. 1867ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ಸ್ ಕ್ಲಬ್‌ಗೆ ಆಡುತ್ತಿದ್ದ ಜಾರ್ಜ್ ರೈಟ್ ಕೂಡ ಹೀಗೆಯೇ ಸರ್ಕಾರಿ ಗುಮಾಸ್ತ. ಅವನು ಕೆಲಸ ಮಾಡುತ್ತಾನೆಂದು ಬರೆಸಿದ್ದ ವಿಳಾಸದಲ್ಲಿ ಇದ್ದದ್ದು ಕಚೇರಿಯಲ್ಲ, ಉದ್ಯಾನವನ ಎಂದು ಹೇಳುತ್ತಾರೆ.

ಸಂಘ ವೃತ್ತಿಪರರಿಗೆ ಬಾಗಿಲು ತೆರೆದ ಮೇಲೆ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಈ ನಾಟಕಕ್ಕೆ ತೆರೆ ಎಳೆಯಿತು. ಹತ್ತು ಮಂದಿಗೂ ಸಂಬಳ. ಮಾರ್ಚ್ 15ರಿಂದ ನವೆಂಬರ್ 15ರವರೆಗೆ ಕರಾರು. ಶಾರ್ಟ್‌ಸ್ಟಾಪ್ ಎಂಬ ಒಳಮೈದಾನದ ಫೀಲ್ಡಿಂಗ್ ಜಾಗದಲ್ಲಿ ನಿಲ್ಲುತ್ತಿದ್ದ ಜಾರ್ಜ್‌ಗೆ 1,400 ಡಾಲರ್, ಅವನಣ್ಣ, ನಾಯಕ ಹ್ಯಾರಿಗೆ 1,200, ಚೆಂಡೆಸೆಯುವ ಪಿಚರ್ ಏಸಾ ಬ್ರೈನಾರ್ಡ್‌ಗೆ 1,100. ಬದಲಿ ಆಟಗಾರ ರಿಚರ್ಡ್ ಹರ್ಲಿಗೂ 600. ಇವರೇನು ಸಿರಿವಂತರ ಮನೆಯ ಹುಡುಗರೇ? ಸ್ವೀಸಿ ಮತ್ತು ಲಿಯೊನಾರ್ಡ್ ಟೋಪಿ ತಯಾರಕರು, ದಾಂಡಿಗನ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್ ಆಲಿಸನ್ ಅಮೃತಶಿಲೆ ಕಡಿಯುವವನು, ಮೆಕ್‌ವೇ ಪಿಯಾನೋ ಮಾಡುವವನು. ಕೂಲಿಯಿಲ್ಲದೆ ಆಡಬೇಕೆಂಬ ಆದರ್ಶ ಇಂಥವರ ಹೊಟ್ಟೆಯ ಮೇಲೆ ಹೊಡೆಯುತ್ತಿತ್ತು. ಬಿಡುವೂ ಹಣವೂ ಇದ್ದವರು ಮಾತ್ರ ಅದನ್ನು ಆದರ್ಶ ಎಂದು ಕರೆಯಬಲ್ಲರು.

ಹ್ಯಾರಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವನು. ತಂದೆ ನ್ಯೂಯಾರ್ಕಿನಲ್ಲಿ ಸಂಬಳಕ್ಕಿದ್ದ ಕ್ರಿಕೆಟ್ ಆಟಗಾರ. ಆಡಿ ಸಂಬಳ ಪಡೆಯುವುದು ಆ ಮನೆಯಲ್ಲಿ ನಾಚಿಕೆಯ ವಿಷಯವಾಗಿರಲಿಲ್ಲ. ಸಂಬಳ ಕೊಟ್ಟದ್ದರಿಂದಲೇ ಅಭ್ಯಾಸವನ್ನೂ ಶಿಸ್ತನ್ನೂ ಕೇಳುವ ಹಕ್ಕು ಹ್ಯಾರಿಗೆ ಬಂತು. ಆ ವರ್ಷ ಸಂಘದ ಲೆಕ್ಕಕ್ಕೆ ಸೇರಿದ 57 ಪಂದ್ಯಗಳನ್ನು ತಂಡ ಗೆದ್ದಿತು, ಒಂದನ್ನೂ ಸೋಲಲಿಲ್ಲ. ಖಂಡದ ಆಚೆ ದಡಕ್ಕೆ ರೈಲು ಹಳಿ ಕೂಡಿಕೊಂಡದ್ದು ಆ ಮೇ ತಿಂಗಳಲ್ಲಿ. ಸೆಪ್ಟೆಂಬರಿನಲ್ಲಿ ಇವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಡುತ್ತಿದ್ದರು. ಭಾನುವಾರದ ಬಿಡುವಿನಲ್ಲಿ ಆಡುವ ತಂಡಕ್ಕೆ ಇದು ಸಾಧ್ಯವಿತ್ತೇ?

ವಿರೋಧ: ಗೆಲುವಿಗೆ ಕೊಟ್ಟ ಸಂಬಳ ಸೋಲನ್ನು ತಾಳಲಿಲ್ಲ

ಗುಟ್ಟು ಬಯಲಾಯಿತೆಂಬುದನ್ನು ಒಪ್ಪೋಣ. ಆದರೆ ಆ ತಂಡದಲ್ಲಿ ಸಿನ್ಸಿನಾಟಿಯವನು ಎಷ್ಟು ಮಂದಿ? ಒಬ್ಬನೇ, ಮೊದಲ ಬೇಸ್ (ರನ್ನಿಗಾಗಿ ಓಡುವವರು ಮುಟ್ಟಬೇಕಾದ ನಿಲುಗಡೆ) ಕಾಯುತ್ತಿದ್ದ ಚಾರ್ಲಿ ಗೂಲ್ಡ್. ಉಳಿದವರೆಲ್ಲ ಬೇರೆ ಕಡೆಯಿಂದ ತಂದವರು. ಊರಿನ ಹೆಮ್ಮೆ ಎಂದು ಜನ ಕುಣಿದದ್ದು ಬಾಡಿಗೆಯ ಹೆಮ್ಮೆಗೆ.

ಲೆಕ್ಕದ ಪುಸ್ತಕವನ್ನೂ ನೋಡಿ. ದೇಶವನ್ನೆಲ್ಲ ಸುತ್ತಿ, ಒಂದೂ ಸೋಲದೆ ಬಂದ ಆ ವರ್ಷದ ಕೊನೆಗೆ ಖರ್ಚು ಕಳೆದು ಕ್ಲಬ್‌ಗೆ ಉಳಿದದ್ದು 1 ಡಾಲರ್ 39 ಸೆಂಟ್. ಸೋಲೇ ಇಲ್ಲದ ವರ್ಷದ ಗತಿಯೇ ಇದಾದರೆ ಸೋತ ವರ್ಷದ್ದು ಏನು?

ಉತ್ತರ ಬರಲು ತಡವಾಗಲಿಲ್ಲ. 1870ರ ಜೂನ್ 14, ಬ್ರೂಕ್ಲಿನ್‌ನ ಕ್ಯಾಪಿಟೊಲಿನ್ ಮೈದಾನ, ಎದುರಿಗೆ ಅಟ್ಲಾಂಟಿಕ್ಸ್. ನಿಗದಿತ ಒಂಬತ್ತು ಇನಿಂಗ್ಸ್ ಮುಗಿದಾಗ 5–5. ಎದುರಾಳಿಗಳು ಸಮಬಲಕ್ಕೆ ತೃಪ್ತರಾಗಿ ಹೊರಟಿದ್ದರು; ಹ್ಯಾರಿ ಬಿಡಲಿಲ್ಲ. ಹತ್ತನೆಯದರಲ್ಲಿ ಜಾರ್ಜ್ ಸುಲಭದ ಕ್ಯಾಚನ್ನು ಬೇಕೆಂದೇ ಕೈಚೆಲ್ಲಿ, ಚೆಂಡು ನೆಲಕ್ಕೆ ಬಿದ್ದದ್ದರಿಂದ ಬೇಸ್ ಬಿಟ್ಟು ಓಡಲೇಬೇಕಾದ ಇಬ್ಬರನ್ನು ಒಟ್ಟಿಗೆ ಔಟ್ ಮಾಡಿಸಿದ. ಅವನ ಜಾಣತನಕ್ಕೆ ನಾನೂ ತಲೆದೂಗುತ್ತೇನೆ. ಹನ್ನೊಂದನೆಯದರಲ್ಲಿ ಸಿನ್ಸಿನಾಟಿ ಎರಡು ರನ್ ಮುಂದಾಯಿತು. ಅಟ್ಲಾಂಟಿಕ್ಸ್ ಆಡುವಾಗ ಚೆಂಡು ಜನರತ್ತ ಉರುಳಿತು. ಎತ್ತಿಕೊಳ್ಳಲು ಬಗ್ಗಿದ ಮೆಕ್‌ವೇಯ ಬೆನ್ನ ಮೇಲೆ ಪ್ರೇಕ್ಷಕನೊಬ್ಬ ಹತ್ತಿ ಕೂತ. ಜಾರ್ಜ್‌ನ ಕಡೆಗೆ ಚೆಂಡು ಹೋಗಬಾರದೆಂದು ಬಲಗೈ ದಾಂಡಿಗ ಬಾಬ್ ಫರ್ಗುಸನ್ ಎಡಗೈಗೆ ತಿರುಗಿ ನಿಂತು ಹೊಡೆದ. 8–7. ಎರಡು ವರ್ಷಗಳಲ್ಲಿ ಮೊದಲ ಬಾರಿ ಯಾರೋ ಇವರನ್ನು ಮಣಿಸಿದ್ದರು.

ಒಂದು ಸೋಲಿನಿಂದ ಕ್ಲಬ್ ಮುಳುಗಿತೆಂದು ಹೇಳಿದರೆ ತಪ್ಪಾದೀತು. ಆ ವರ್ಷ ಇನ್ನೂ ಕೆಲವು ಪಂದ್ಯಗಳು ಕೈಜಾರಿದವು. ಆದರೆ ಗೆದ್ದೆತ್ತಿನ ಬಾಲ ಹಿಡಿದಿದ್ದವರು ಮೈದಾನಕ್ಕೆ ಬರುವುದು ಕಡಿಮೆಯಾಯಿತು. ಆಟಗಾರರು ಹೆಚ್ಚಿನ ಸಂಬಳ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಕೊಡಲು ಕ್ಲಬ್ ಬಳಿ ಏನೂ ಇರಲಿಲ್ಲ. ಅಧ್ಯಕ್ಷ ಏರನ್ ಚಾಂಪಿಯನ್ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟ; ನವೆಂಬರ್‌ನಲ್ಲಿ, ಮುಂದಿನ ವರ್ಷ ಸಂಬಳದ ತಂಡವಿಲ್ಲ ಎಂಬ ಪ್ರಕಟಣೆ ಬಂತು.

ಸಂಬಳ ಜೂಜನ್ನು ದೂರವಿಟ್ಟಿತೇ? 1869ರ ಆಗಸ್ಟ್ 26ರಂದು ಟ್ರಾಯ್‌ನ ಹೇಮೇಕರ್ಸ್ ತಂಡ 17–17 ಇದ್ದಾಗ ತೀರ್ಪಿನ ನೆಪ ತೆಗೆದು ಮೈದಾನ ಬಿಟ್ಟು ಹೋಯಿತು. ಬಾಜಿ ಕಟ್ಟಿದವರ ಹಣ ಉಳಿಸಲೆಂದೇ ಹೋದರೆಂಬ ಗುಮಾನಿ ಇಂದಿಗೂ ಅಳಿದಿಲ್ಲ. ಇನ್ನು ಆಟಗಾರನ ಬಿಡುಗಡೆಯ ಮಾತು: 1879ರಲ್ಲಿ ವೃತ್ತಿಪರ ಕ್ಲಬ್‌ಗಳ ಕೂಟವಾದ ನ್ಯಾಷನಲ್ ಲೀಗ್‌ನ ಮಾಲೀಕರು ಪ್ರತಿ ಕ್ಲಬ್‌ಗೆ ಐವರಂತೆ ಆಟಗಾರರನ್ನು ಕಾಯ್ದಿರಿಸಿಕೊಳ್ಳಲು ಒಪ್ಪಂದ ಮಾಡಿಕೊಂಡರು. ಆ ಐವರು ಕರಾರು ಮುಗಿದರೂ ಬೇರೆಡೆಗೆ ಹೋಗುವಂತಿರಲಿಲ್ಲ. ಹ್ಯಾರಿಗೆ ಮಾತ್ರ ಈ ಕಟ್ಟು ಬರುವ ಮೊದಲೇ ದಾರಿ ತೆರೆದಿತ್ತು. 1871ರಲ್ಲಿ ಅವನು ಬಾಸ್ಟನ್‌ಗೆ ಹೊರಟಾಗ ಜೊತೆಗೆ ಜಾರ್ಜ್, ಮೆಕ್‌ವೇ, ಗೂಲ್ಡ್ ಹೋದರು. ರೆಡ್ ಸ್ಟಾಕಿಂಗ್ಸ್ ಎಂಬ ಹೆಸರೂ ಹೋಯಿತು. 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ ಆ ಹೆಸರಿನಲ್ಲಿ ಪ್ರಶಸ್ತಿ ಎತ್ತಿದ್ದು ಬಾಸ್ಟನ್.