ಸಿರಿ ಮುಟ್ಟದ ಸೀರೆ

ಈ ಸಲ ಊರಿಗೆ ಬಂದಾಗ ಹಿರಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ತಂಗಿಯ ಮಗಳ ವಿಚ್ಛೇದನದ ಮಾತು ನಡೆಯುತ್ತಿತ್ತು. ಗಂಡನಿಗೆ ಬೇರೆ ಸಂಬಂಧವಿರುವುದು ಎಲ್ಲರಿಗೂ ಗೊತ್ತಾಗಿತ್ತು. ಆದರೂ ದೊಡ್ಡಮಾವ ನನ್ನ ಕಡೆ ತಿರುಗಿ, "ಡೈವೋರ್ಸ್ ನಮ್ಮ ಮಣ್ಣಿನದ್ದಲ್ಲ ಮಾರಾಯ, ನೀನಿರುವ ದೇಶದಿಂದ ಬಂದದ್ದು" ಎಂದರು. ಹಿರಿಯರ ಎದುರು ವಾದ ಬೇಡವೆಂದು ಸುಮ್ಮನಿದ್ದೆ. ಲಂಡನ್ನಿಗೆ ಮರಳಿದ ಮೇಲೂ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇದೆ.

ಅದೂ ಹಿರಿಯಡ್ಕದಲ್ಲಿ ಕುಳಿತು ಹೀಗೆನ್ನಬಹುದೇ? ಸಿರಿಜಾತ್ರೆಯಲ್ಲಿ ಅಡಿಕೆಯ ಹಿಂಗಾರ ಹಿಡಿದು ನಡುಗುವ ಹೆಂಗಸರ ಮೈಮೇಲೆ ಬರುವವಳು ಯಾರು? ತುಳುವಿನ ಹಾಡುಗತೆಯಾದ ಪಾಡ್ದನದ ನಾಯಕಿ ಸಿರಿ. ಬಯಕೆಯ ಸೀರೆ ತರಹೋದ ಅವಳ ಗಂಡ ಕಾಂತು ಪೂಂಜ ದಾರಿಯಲ್ಲಿ ಸೂಳೆಯ ಮನೆ ಹೊಕ್ಕ. ಅವಳು ಉಟ್ಟು ಮಡಚಿಟ್ಟ ಸೀರೆಯನ್ನೇ ಬಸುರಿ ಸಿರಿಯ ಮುಂದಿಟ್ಟ. ಸಿರಿ ಅದನ್ನು ಮುಟ್ಟಲಿಲ್ಲ. ಮುಂದೆ ಅಜ್ಜನ ಸತ್ಯನಾಪುರದ ಆಸ್ತಿಯ ವಿಷಯದಲ್ಲೂ ಅನ್ಯಾಯವಾದಾಗ ಗಂಡನ ನಂಟನ್ನೇ ಕಡಿದುಕೊಂಡು ಹಸುಗೂಸಿನೊಂದಿಗೆ ಹೊರಟಳು, ಆಮೇಲೆ ಕೊಡ್ಸರಾಳ್ವನನ್ನು ಮದುವೆಯಾದಳು. ಅವಳಿಗೆ ತುಳುನಾಡು ಇಂದಿಗೂ ಕೈಮುಗಿಯುತ್ತದೆ.

ಇನ್ನು ನಾನಿರುವ ದೇಶ. 1857ರವರೆಗೆ ಇಲ್ಲಿ ಮರುಮದುವೆಗೆ ಅವಕಾಶವಿರುವ ವಿಚ್ಛೇದನ ಬೇಕಾದರೆ ಆ ಒಂದು ದಾಂಪತ್ಯಕ್ಕಾಗಿಯೇ ಸಂಸತ್ತಿನಲ್ಲಿ ಕಾಯ್ದೆಯಾಗಬೇಕಿತ್ತು. ಹಾಗೆ ಬಿಡುಗಡೆ ಪಡೆದ ಹೆಂಗಸರು ಒಟ್ಟು ನಾಲ್ಕೇ ಮಂದಿ. ಮೊದಲನೆಯವಳು, 1801ರಲ್ಲಿ, ಜೇನ್ ಆಡಿಸನ್. ಗಂಡ ಅವಳ ಒಡಹುಟ್ಟಿದವಳ ಜೊತೆಗೇ ಸಂಬಂಧ ಇಟ್ಟುಕೊಂಡಿದ್ದ. 1857ರ ಕಾಯ್ದೆ ಕೋರ್ಟಿನ ಬಾಗಿಲು ತೆರೆಯಿತು, ಆದರೆ ಎರಡು ಅಳತೆಗೋಲು ಇಟ್ಟುಕೊಂಡು. ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಅಂಥ ಇನ್ನೊಂದು ತಪ್ಪನ್ನೋ ರುಜುವಾತುಪಡಿಸಬೇಕು. ಈ ಭೇದ ಹೋದದ್ದು 1923ರಲ್ಲಿ.

ನನಗೆ ಹೊಟ್ಟೆ ಉರಿಯುವುದು ಮುಂದಿನ ಸಂಗತಿಗೆ. ಅದೇ ಅಳತೆಗೋಲನ್ನು 1869ರ ಭಾರತೀಯ ವಿಚ್ಛೇದನ ಕಾಯ್ದೆಯ ಮೂಲಕ ಭಾರತದ ಕ್ರೈಸ್ತರ ಮೇಲೆ ಹೇರಿದರು. ಹೆಂಡತಿಯ ಜೊತೆ ಸಂಬಂಧವಿಟ್ಟವನಿಂದ ಗಂಡ ನಷ್ಟ ಪರಿಹಾರ ಕೇಳಲೂ ಅದರಲ್ಲಿ ಅವಕಾಶವಿತ್ತು, ಹೋದದ್ದು ಕೊಟ್ಟಿಗೆಯ ದನವೋ ಎಂಬಂತೆ. ಬರೆದುಕೊಟ್ಟವರು ತಮ್ಮ ಮನೆಯಲ್ಲಿ 1923ರಲ್ಲೇ ತಿದ್ದಿಕೊಂಡರು. ಮಂಗಳೂರಿನ ಕ್ರೈಸ್ತ ಹೆಂಗಸಿಗೆ ಆ ತಿದ್ದುಪಡಿ ಬಂದದ್ದು 2001ರಲ್ಲಿ. 78 ವರ್ಷ! ಅದರಲ್ಲಿ 54 ವರ್ಷ ನಮ್ಮದೇ ಸರ್ಕಾರಗಳು ಕುಳಿತಿದ್ದವು.

ತುಳುನಾಡಿನ ಅಳಿಯಕಟ್ಟಿನ, ಅಂದರೆ ಅಳಿಯಸಂತಾನ ಪದ್ಧತಿಯ, ಮನೆಗಳಲ್ಲಿ ಮಗು ತಾಯಿಯ ಕುಟುಂಬದ್ದು, ಆಸ್ತಿಯೂ ಹೆಣ್ಣಿನ ಸಂತತಿಯಲ್ಲೇ ಇಳಿಯುವುದು. ತಂದೆ ಯಾರೆಂಬ ಆತಂಕಕ್ಕೆ ಹೆಣ್ಣನ್ನು ಕಟ್ಟಿಹಾಕಬೇಕಾದ ಅಗತ್ಯವಿರಲಿಲ್ಲ. ಇದನ್ನು ಕಂಡ 19ನೆಯ ಶತಮಾನದ ಮದ್ರಾಸ್ ಹೈಕೋರ್ಟ್ ಆ ಮನೆಗಳ ದಾಂಪತ್ಯವನ್ನು ಮದುವೆಯೆಂದೇ ಒಪ್ಪಲಿಲ್ಲ. ಆ ಮದುವೆಗಳಿಗೆ ಕಾಯ್ದೆಯ ಆಸರೆ ಕೊಡಲು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರಬೇಕಾಯಿತು. ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಯಜಮಾನನಾದ ಮಾವನ ಮಾತಿಗೆ ಬಾಯಿ ಮುಚ್ಚಿ ಬದುಕಿದ ಹೆಂಗಸರನ್ನು ನಾನೂ ಕಂಡಿದ್ದೇನೆ. ಆದರೆ ಬಿಡುಗಡೆ ನಮ್ಮ ಮಣ್ಣಿಗೆ ಹೊಸತಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು 29ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು. ವಿಚ್ಛೇದನಕ್ಕೆ ಕಾರಣವಾಗಿ ಅದು ಹಾಗೆಯೇ ಇದೆ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್ 6ರಿಂದ ಯಾರೂ ಯಾರ ತಪ್ಪನ್ನೂ ಸಾಬೀತುಪಡಿಸಬೇಕಿಲ್ಲ. ದಾಂಪತ್ಯ ಮುರಿದಿದೆ ಎಂದು ಬರೆದುಕೊಟ್ಟು ಕಾದರೆ ಸಾಕು. ನಮ್ಮ ಹುಡುಗಿಯ ಗಂಡ ಪರಸ್ಪರ ಒಪ್ಪಿಗೆಗೆ ಸಹಿ ಹಾಕುತ್ತಿಲ್ಲ. ಹಾಗಾಗಿ ಅವಳು ಹೋಟೆಲ್ ಬಿಲ್ಲು, ಮೊಬೈಲ್ ಸಂದೇಶಗಳನ್ನು ಹುಡುಕಿ ಜೋಡಿಸುತ್ತಿದ್ದಾಳೆ. ಅವಮಾನವಾದದ್ದು ಅವಳಿಗೆ, ದಾಖಲೆ ಹೊರಬೇಕಾದವಳೂ ಅವಳೇ.

ಅಳಿಯಕಟ್ಟಿನ ಲೆಕ್ಕದಲ್ಲಿ ಅವಳಿಗೆ ಸೋದರಮಾವ ನಾನು. ಮುಂದಿನ ವಾಯಿದೆಯ ದಿನ ಉಡುಪಿಯ ನ್ಯಾಯಾಲಯದಲ್ಲಿ ಅವಳ ಪಕ್ಕ ಇರುತ್ತೇನೆ. ದೊಡ್ಡಮಾವನಿಗೂ ಫೋನ್ ಮಾಡಿ, ಬನ್ನಿ ಎಂದಿದ್ದೇನೆ.